ಪಣಕಹಳ್ಳಿಯ ಮೀಸಲು

ಚಾಮರಾಜನಗರದಿಂದ ಹೊರಟ ಬಸ್ಸು ರಾಜ್ಯದ ಗಡಿ ದಾಟಿದ ಮೇಲೆ ಮೆಲ್ಲಗಾಯಿತು. ರಸ್ತೆಗೆ ರಾಗಿ ತೆನೆ ಹರಡಿದ್ದರು. ಬಸ್ಸಿನ ಚಕ್ರವೇ ಒಕ್ಕಬೇಕು. ಡ್ರೈವರ್ ಬೈಯುತ್ತಲೇ ತೆನೆಯ ಮೇಲೆ ಓಡಿಸಿದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬ್ಯಾಗಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ರಾಣಿಯ ಸಹಿ ಬೇಕಿತ್ತು.

ರಾಣಿಗೆ ಹುಟ್ಟಿನಿಂದ ರಕ್ತದ ಕಾಯಿಲೆ. ಆಗಾಗ ಬೇರೆಯವರ ರಕ್ತ ಏರಿಸಬೇಕು. ಅವಳು ಶಾಲೆಯಲ್ಲಿದ್ದಾಗ ವಿಶ್ವವಿದ್ಯಾಲಯದ ಸಂಶೋಧಕಿಯಾಗಿ ಬಂದು ಅವಳ ರಕ್ತ ಒಯ್ದಿದ್ದೆ. ಜೀನಿನ ತಪ್ಪು ತಿದ್ದುವ ಔಷಧಿಯ ದಾರಿ ಸಿಕ್ಕಿದ್ದು ಅದರಿಂದಲೇ. ಈಗ ನಾನೇ ಕಟ್ಟಿದ ಕಂಪನಿ ಅದನ್ನು ಮಾರಲು ಹೊರಟಿದೆ. ಸಂಶೋಧನೆಗೆಂದು ಪಡೆದ ಹಳೆಯ ಒಪ್ಪಿಗೆ ಮಾರುವುದಕ್ಕೆ ಸಾಲದು.

ತಾಳವಾಡಿಯಲ್ಲಿ ರಾಣಿ ಸ್ಕೂಟರ್ ತಂದಿದ್ದಳು.

"ಕೂತ್ಕಳಿ ಡಾಕ್ಟ್ರೆ, ಬೀಳ್ಸಲ್ಲ. ಮೊನ್ನೆ ತಾನೆ ರಕ್ತ ಆಕಿಸ್ಕಂಡಿವ್ನಿ, ಟ್ಯಾಂಕ್ ಪುಲ್ಲು!"

ಹಿಂದೆ ಬಂದಾಗ ಜೋರು ಮಳೆಯಿತ್ತಲ್ಲ ಎಂದೆ. ಸುಡುಬಿಸಿಲು ಎಂದಳು. ಯಾರ ನೆನಪು ನಿಜವೋ.

ಪಣಕಹಳ್ಳಿಯ ಕಣದಲ್ಲಿ ಅವಳ ತಾಯಿ ಮಾದೇವಮ್ಮ ರಾಗಿ ತೂರಿ ರಾಶಿ ಮಾಡಿದ್ದರು. ಕೊಳ್ಳಲು ಬಂದ ವ್ಯಾಪಾರಿ ಚೀಲ ಬಿಚ್ಚಿದ.

"ಮಾದಪ್ಪನ ಮೀಸ್ಲು ತಗೆಯೋಗಂಟ ಮುಟ್ಬ್ಯಾಡ ಕಣ್ಲಾ!"

ಮಾದೇವಮ್ಮ ಮೊದಲ ಮೊರದ ರಾಗಿಯನ್ನು ದೇವರ ಪಾಲೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಮೇಲೆಯೇ ಅವನ ಚೀಲ ತುಂಬಿತು. ಆಮೇಲೆ ನಾನು ಬಂದ ಕೆಲಸ ಹೇಳಿದೆ.

"ಆಗ ಕಾಲೇಜಿಂದ ಬಂದಿವ್ನಿ ಅಂದೆ, ಈಗ ಕಂಪ್ನಿ ಅಂತೀಯೆ. ಔಸ್ದಿಯ ಮಾರೀಯೇನವ್ವ?"

"ಮಾರ್ತೀವಿ."

"ಮಾರಾಕ್ಕೆ ಮುಂಚೆ ಮೀಸ್ಲು ಎತ್ತಿಕ್ಕು. ಮೊದಲ್ನೇದು ನನ್ ಮಗ್ಳಿಗೆ. ಅಂಗಂತ ಬರ್ಕೊಡು, ಸೈನ್ ಆಕ್ತಾಳೆ."

"ನಾನೇನ್ ಮಾದಪ್ಪನಾ ಅವ್ವಾ?"

"ಸುಮ್ಕಿರು ನೀನು."

ದಿಬ್ಬ ಹತ್ತಿ, ಸಿಗ್ನಲ್ ಸಿಕ್ಕಲ್ಲಿಂದ ಕಂಪನಿಯ ಪಾಲುದಾರರಿಗೆ ಫೋನ್ ಮಾಡಿದೆ. "ಯಾವ ಮಾತೂ ಕೊಡಬೇಡಿ, ಹೂಡಿಕೆದಾರರು ಒಪ್ಪಲ್ಲ. ಸಹಿ ತನ್ನಿ ಸಾಕು," ಎಂದರು. ಇಳಿದು ಬಂದು, ನನ್ನೊಬ್ಬಳ ಕೈಯಲ್ಲಿಲ್ಲ ಎಂದೆ. ರಾಣಿ ಪತ್ರವನ್ನು ಪೂರ್ತಿ ಓದಿ, ಮಡಿಸಿ ವಾಪಸ್ ಕೊಟ್ಟಳು. ಮಾದೇವಮ್ಮ ಸೆರಗಿನಲ್ಲಿ ರಾಗಿ ತಂದು ನನ್ನ ಬ್ಯಾಗಿಗೆ ಸುರಿದರು.

"ಮೀಸ್ಲು ತಗ್ದಾಗದೆ ಕಣವ್ವ, ತಿನ್ಬೋದು."

ಬಸ್ಸು ಹತ್ತಿಸುವಾಗ ರಾಣಿ ನಗಲಿಲ್ಲ. "ಬರ್ಕಂಡೇ ಬನ್ನಿ ಡಾಕ್ಟ್ರೆ. ಬಿರ್‍ರನೆ ಬನ್ನಿ ಆದ್ರೆ."

ಸಂಜೆ ಬಿಸಿಲಿನಲ್ಲಿ ರಸ್ತೆಯ ತೆನೆ ಇನ್ನೂ ಎತ್ತಿರಲಿಲ್ಲ. ಪತ್ರ ತೆಗೆದೆ, ಮಡಿಕೆಯಿಂದ ರಾಗಿ ಉದುರಿತು. ಮಾರುವ ಮೊದಲು, ಮೊದಲನೆಯದು ರಾಣಿಗೆ ಎಂದು ಅಂಚಿನಲ್ಲಿ ಬರೆದೆ. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾಯಿತು. ಅದರ ಕೆಳಗೆ ನನ್ನ ಸಹಿ ಹಾಕಿದೆ.