ಕಾಲು ನೆಟ್ಟಗಾದ ಭಯ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಒಂದು ಕೋಳಿಗಾಗಿ ಇಷ್ಟು ಒದ್ದಾಡಿದಳಲ್ಲ ಎಂದು ನೀವು ನಕ್ಕುಬಿಡುತ್ತೀರಿ. ಕುಶಾಲನಗರದ ಈಚೆಗೆ, ಕಾಡಿನಂಚಿನಲ್ಲಿರುವ ನಮ್ಮೂರಿನಲ್ಲಿ ಹೆದರುವುದಕ್ಕೆ ಕಾರಣಗಳಿಗೇನೂ ಬರವಿಲ್ಲ. ಗದ್ದೆಗೆ ಆನೆ ಬರುತ್ತದೆ, ಸೌದೆ ಒಟ್ಟಿದಲ್ಲಿಗೆ ನಾಗರಹಾವು ಬರುತ್ತದೆ, ಹೇಳದೆ ಕೇಳದೆ ನೆಂಟರು ಬರುತ್ತಾರೆ. ಇವಕ್ಕೆಲ್ಲ ಹೆದರಿ ಹೆದರಿ ಅಭ್ಯಾಸವಾಗಿದ್ದ ನನಗೆ ಒಂದು ಹಿಡಿಯಷ್ಟಿದ್ದ ಕೋಳಿಮರಿ ಹೊಸ ಹೆದರಿಕೆ ಕಲಿಸಿತು.

ಮೊಟ್ಟೆಯೊಡೆದು ಬಂದಾಗಲೇ ಅದರ ಕಾಲುಗಳು ಎರಡು ಕಡೆಗೆ ಜಾರಿಕೊಂಡಿದ್ದವು. ಉಳಿದ ಮರಿಗಳು ತಾಯಿಯ ಹಿಂದೆ ಓಡಿದರೆ ಇದು ಹೊಟ್ಟೆಯ ಮೇಲೆ ಕೂತು, ರೆಕ್ಕೆ ಬಡಿದು, ಇದ್ದಲ್ಲೇ ಗಿರಕಿ ಹೊಡೆಯುತ್ತಿತ್ತು. ತಾಯಿ ಒಮ್ಮೆ ತಿರುಗಿ ನೋಡಿ, ತಲೆಗೊಂದು ಕುಕ್ಕಿ ಹೊರಟುಹೋಯಿತು. ನನ್ನ ಗಂಡ, "ಗಿಡುಗ ಎತ್ಕೊಂಡು ಹೋಗ್ತದೆ ಬಿಡು, ಅದಕ್ಯಾಕೆ ತಲೆ ಕೆಡಿಸ್ಕೊತೀಯ" ಎಂದರು. ಆ ಮಾತು ಕೇಳಿದ ಮೇಲೆ ಬಿಡುವುದು ಹೇಗೆ? ಅಂದಿನಿಂದ ತೋಟದ ಸಿಲ್ವರ್ ಓಕ್ ಮರದ ಮೇಲೆ ಏನು ಕೂತರೂ ನನಗೆ ಗಿಡುಗವೇ. ಕಾಗೆಗೂ ಗೊರವಂಕಕ್ಕೂ ಕಲ್ಲು ಬೀಸಿದೆ.

ಹಳೆಯ ಪಂಚೆಯ ಅಂಚು ಹರಿದು, ಎರಡು ಕಾಲಿಗೂ ಸುತ್ತಿ, ನಡುವೆ ಒಂದು ಬೆರಳಗಲ ಜಾಗ ಬಿಟ್ಟು ಕಟ್ಟಿದೆ. ಜಾರದಿರಲೆಂದು ಗೋಣಿತಾಟಿನ ಮೇಲೆ ಬಿಟ್ಟೆ. ಬಿಗಿಯಾದರೆ ರಕ್ತ ಓಡುವುದಿಲ್ಲವೆಂಬ ಭಯ, ಸಡಿಲಿಸಿದರೆ ಮತ್ತೆ ಜಾರುತ್ತದೆಂಬ ಭಯ. ಕೋಳಿಮರಿ ನಿದ್ದೆ ಮಾಡುವಾಗ ಕತ್ತು ಚೆಲ್ಲಿ ಸತ್ತಂತೆಯೇ ಮಲಗುತ್ತದೆ, ನೋಡಿದವರ ಎದೆ ಧಸಕ್ಕೆನ್ನಬೇಕು. ಒಲೆಯ ಮೇಲಿನ ಅನ್ನ ಬಿಟ್ಟು ಓಡಿಬಂದು ಬೆರಳಿನಿಂದ ತಟ್ಟಿ ಎಬ್ಬಿಸುತ್ತಿದ್ದೆ. ಅದು ಸಿಟ್ಟಿನಿಂದ ಕೀಚಲು ಕೂಗು ಹಾಕಿದರೆ ನನಗೆ ಸಮಾಧಾನ.

ಸೂರ್ಯನ ರಥ ಓಡಿಸುವವನಿಗೆ ತೊಡೆಯಿಂದ ಕೆಳಗೆ ಕಾಲಿಲ್ಲವೆಂದು ಪುರಾಣ ಹೇಳುತ್ತದೆ. ಅವನ ತಾಯಿ ಅವಸರಪಟ್ಟು ಮೊಟ್ಟೆ ಒಡೆದಳಂತೆ. ಆದರೂ ದಿನವೂ ಬೆಳಗು ತರುವುದು ಅವನೇ, ಅವನು ಬಂದನೆಂದು ಕೂಗಿ ಹೇಳುವುದು ಕೋಳಿಯೇ. ಇದನ್ನೆಲ್ಲ ಹೇಳಿ ಮರಿಗೆ ಧೈರ್ಯ ತುಂಬಿದೆ. ಧೈರ್ಯ ಬೇಕಾಗಿದ್ದದ್ದು ಯಾರಿಗೆಂದು ಅದಕ್ಕೂ ಗೊತ್ತಿತ್ತೆಂದು ಕಾಣುತ್ತದೆ, ನುಚ್ಚಿನಿಂದ ತಲೆಯನ್ನೇ ಎತ್ತಲಿಲ್ಲ.

ಕಟ್ಟು ಬಿಚ್ಚಿದ ಮೇಲೆ ಅದು ನಿಂತಿತು, ಕುಂಟುತ್ತಾ ನಡೆಯಿತು, ಬೆಳೆದು ಕೆಂಪು ಹುಂಜವಾಯಿತು. ನಿಜವಾದ ಭಯ ಶುರುವಾದದ್ದು ಆಗಲೇ. ಆನೆ ಗದ್ದೆಗಿಳಿಯದೆ ಭತ್ತ ಕಣ ಸೇರಿದರೆ ತೋಟದಾಚೆಯ ಚೌಡಮ್ಮನಿಗೆ ಹುಂಜ ಕೊಡುತ್ತೇನೆಂದು ನನ್ನ ಅತ್ತೆ ಹರಕೆ ಹೊತ್ತಿದ್ದರು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಮನೆತನದಲ್ಲಿ ಅದಕ್ಕೊಂದು ಕಟ್ಟಳೆಯಿದೆ. ಹುಂಜ ಮನೆಯಲ್ಲೇ ಹುಟ್ಟಿರಬೇಕು, ಕೆಂಪಗಿರಬೇಕು, ಮೈಯಲ್ಲಿ ಯಾವ ಊನವೂ ಇರಬಾರದು. ನಮ್ಮಲ್ಲಿದ್ದ ಕೆಂಪು ಹುಂಜ ಇದೊಂದೇ. ಅಂದರೆ ಆ ಕುಂಟು ಕಾಲೇ ಅದರ ಜೀವ ಉಳಿಸಬೇಕಿತ್ತು. ನಾನೋ, ಅರಿಶಿನದ ಎಣ್ಣೆ ಹಚ್ಚಿ ಅದೇ ಕಾಲನ್ನು ನೀವಿ ನೀವಿ ನೆಟ್ಟಗೆ ಮಾಡುತ್ತಿದ್ದೆ.

ಎಣ್ಣೆ ನಿಲ್ಲಿಸಿದೆ. ಆದರೆ ತಡವಾಗಿತ್ತು, ಕುಂಟು ದಿನೇ ದಿನೇ ಕಡಿಮೆಯಾಗುತ್ತಿತ್ತು. ರೋಗಿ ಗುಣವಾಗುತ್ತಿರುವುದನ್ನು ಕಂಡು ನಡುಗಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಕೋಳಿಗಳು ಒಂಟಿಕಾಲಲ್ಲಿ ನಿಂತು ತೂಕಡಿಸುವುದುಂಟಲ್ಲ, ಇದು ಹಾಗೆ ನಿಂತಾಗಲೆಲ್ಲ, "ನೋಡಿ ಅತ್ತೆ, ಪಾಪ, ಕಾಲೂರಕ್ಕೂ ಆಗ್ತಿಲ್ಲ" ಎನ್ನುತ್ತಿದ್ದೆ. ಕೋಳಿ ಸಾಕುತ್ತಲೇ ತಲೆ ನೆರೆತ ಅತ್ತೆ ಅದರತ್ತ ಒಮ್ಮೆ ಕಣ್ಣು ಹಾಯಿಸಿ ಅಕ್ಕಿ ಕೇರುವುದನ್ನು ಮುಂದುವರಿಸುತ್ತಿದ್ದರು.

ಆ ಸಲ ಆನೆ ಬರಲಿಲ್ಲ. ಒಮ್ಮೆಯಾದರೂ ಬರಬಾರದೇ ಎಂದುಕೊಂಡೆ, ಅಂಥ ಯೋಚನೆ ಬಂದದ್ದಕ್ಕೂ ಹೆದರಿದೆ. ಭತ್ತ ಕಣ ಸೇರಿತು. ಒಂದು ಬೆಳಿಗ್ಗೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಕಣಕ್ಕೆ ಬಂದು ಒಂದು ಹಿಡಿ ಭತ್ತ ಎರಚಿದರು. ಕೋಳಿಗಳೆಲ್ಲ ಬಂದವು. ಎಲ್ಲಕ್ಕಿಂತ ಮುಂದೆ, ಎರಡು ಕಾಲನ್ನೂ ನೆಟ್ಟಗೆ ಊರಿ ಓಡಿಬಂದದ್ದು ನನ್ನ ಹುಂಜ. ಚೌಡಮ್ಮನ ಗುಡಿ ಇರುವ ದಿಕ್ಕಿಗೆ ಕಾಲು ಚಾಚಿ ಕೂರದ ಹೆಂಗಸು ನಮ್ಮತ್ತೆ. ಅವರು ಹುಂಜವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇದಿನ್ನೂ ಕುಂಟ್ತದೆ ಕಣವ್ವ" ಎಂದರು. "ಊನ ಇರೋದ್ನ ಅಮ್ಮ ಒಪ್ಪಕಿಲ್ಲ. ಬರೋ ವರ್ಸ ನೋಡನ."

ಹುಂಜ ಅವರ ಪಾದದ ಬಳಿಗೇ ಜಿಗಿದು ಇನ್ನೊಂದು ಕಾಳು ಹೆಕ್ಕಿತು. ಅವರು ಆ ಕಡೆ ನೋಡದೆ ಒಳಗೆ ಹೋದರು. ಅವತ್ತು ಗುಡಿಗೆ ಹಣ್ಣುಕಾಯಿ ಕೊಟ್ಟು ಬಹಳ ಹೊತ್ತು ಕೈಮುಗಿದು ನಿಂತಿದ್ದರು.

ಈಗ ಸಂಜೆ ತೋಟದಲ್ಲಿ ಎಲ್ಲಾದರೂ ಕೊಂಬೆ ಮುರಿದ ಸದ್ದಾದರೆ ಅತ್ತೆ ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಆನೆಯೋ ಚೌಡಮ್ಮನೋ ಎಂದು ಇಬ್ಬರೂ ಕೇಳುವುದಿಲ್ಲ. ಎದ್ದು ಹೋಗಿ, ಹುಂಜ ಗೂಡು ಸೇರಿದೆಯೇ ಎಂದು ನೋಡಿ ಬರುತ್ತೇವೆ. ಹೆದರಿಕೆ ಹೋಗಿಲ್ಲ. ಒಬ್ಬಳೇ ಹೆದರುವುದು ಮಾತ್ರ ತಪ್ಪಿದೆ.