ಜಯಮ್ಮನ ಕತ್ತಿನ ಗಂಟು ಮತ್ತು ನನ್ನ ಇಂಗ್ಲಿಷು

ಜಯಮ್ಮ ಚೊಂಬೆತ್ತಿ ನೀರು ಕುಡಿಯುತ್ತಿದ್ದಳು. ಅವಳ ಕತ್ತಿನಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಗಂಟೊಂದು ಮೇಲೆ ಹೋಗಿ ಕೆಳಗೆ ಬಂತು.

ಅವಳು ಚೊಂಬು ಇಳಿಸುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿದ್ದೆ.

ಹೆಂಡತಿಗೆ ನೆಗಡಿಯಾದರೆ ನ್ಯುಮೋನಿಯಾ ಎಂದು ಹೆದರುವ ಆಸಾಮಿ ನಾನು. ಪಾಂಡವಪುರದ ಡಾಕ್ಟರು ಮೈಸೂರಿಗೆ ಕಳಿಸಿದರು. ಅಲ್ಲಿ ಗಂಟಿಗೆ ಸೂಜಿ ಚುಚ್ಚಿ ಟೆಸ್ಟ್ ಮಾಡಿದರು. ರಿಪೋರ್ಟು ಬಂದ ದಿನ ಸರ್ಜನ್ನರ ಮುಂದೆ, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಎಂದು ಹೇಳಿಕೊಂಡುಬಿಟ್ಟೆ. ಅಲ್ಲಿಗೆ ಅವರ ಕನ್ನಡ ನಿಂತುಹೋಯಿತು. "ಪಾಸಿಬ್ಲಿ" ಎಂದರು. "ಸಜೆಸ್ಟಿವ್ ಆಫ್" ಎಂದರು. ಕೊನೆಗೆ, "ಮ್ಯಾಲಿಗ್ನೆನ್ಸಿ ಕೆನಾಟ್ ಬಿ ರೂಲ್ಡ್ ಔಟ್."

ಕ್ಯಾನ್ಸರ್ ಅಲ್ಲ ಎನ್ನಲು ಬರುವುದಿಲ್ಲ.

ಎಲ್ಲ ಕಡೆ 'ಮೇ ಬಿ' ಎಂದೇ ಬರೆಯಬೇಡಿ, ಬೇರೆ ಮಾತು ಹುಡುಕಿ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡಿದವನು ನಾನು. ಅನುಮಾನವನ್ನು ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟೆಲ್ಲ ಬಗೆಯಿದೆ ಎಂದು ಬೋರ್ಡಿನ ತುಂಬ ಬರೆದು ಹಿಗ್ಗುತ್ತಿದ್ದೆ. ಅವೆಲ್ಲ ಒಂದು ದಿನ ನನ್ನ ಹೆಂಡತಿಯ ಕತ್ತಿಗೆ ಬಂದು ಕೂರುತ್ತವೆ ಎಂದು ಎಣಿಸಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಜಯಮ್ಮ ಕೇಳಿದಳು. "ಏನಂದ್ರು?"

"ಏನೂ ಇಲ್ಲದೇ ಇರಬಹುದಂತೆ. ಹೆಚ್ಚುಕಮ್ಮಿ."

"ಅಂದ್ರೆ, ಅದಾ ಇಲ್ವಾ?"

"ಒಂಥರಾ…"

"ಅಯ್ಯೋ ಬುಡಿ. ಗಂಟಿರೋದು ನನ್ ಕತ್ನಲ್ಲಿ, ಮಾತು ಸಿಕ್ಕಾಕ್ಕೊಂಡಿರೋದು ನಿಮ್ಗೆ!"

ಸಂಜೆ ಎಸ್.ಟಿ.ಡಿ. ಬೂತಿನಿಂದ ನಾಗಮಂಗಲದ ಭಾವಮೈದನಿಗೆ ಫೋನು ಮಾಡಿದೆ. "ಅಕ್ಕಂಗೇನಂತೆ ಭಾವ, ಒಂದೇ ಮಾತ್ನಲ್ಲಿ ಏಳಿ" ಎಂದ. ಒಂದೇ ಮಾತು ನನ್ನ ಹತ್ತಿರ ಇರಲಿಲ್ಲ.

ಆಪರೇಷನ್ ಮಾಡಿಸುವುದೋ, ಕಾದು ನೋಡುವುದೋ ನಾವೇ ತೀರ್ಮಾನಿಸಬೇಕಿತ್ತು. ಮಾಡಿಸಿದರೆ ಸ್ವರ ಹೋದರೂ ಹೋಗಬಹುದು ಎಂದಿದ್ದರು. ಮುಂದಿನ ಸಲ ನನ್ನ ಪ್ರಶ್ನೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋದೆ. ಎರಡನೆಯದು ಶುರುವಾಗುವಷ್ಟರಲ್ಲಿ ಜಯಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಡಾಕ್ಟ್ರೇ, ನನ್ ಜಾಗ್ದಲ್ಲಿ ನಿಮ್ ಅಕ್ಕನೋ ತಂಗಿನೋ ಕೂತಿದ್ರೆ ಏನ್ ಮಾಡ್ತಿದ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲ ಸಲ ನನ್ನನ್ನು ಬಿಟ್ಟು ಅವಳನ್ನು ನೋಡಿದರು.

"ತೆಗೆಸಿಬಿಡ್ತಿದ್ದೆ ಕಣಮ್ಮ."

"ಅಂಗಾರೆ ತೆಗ್ದುಬುಡಿ. ಸ್ವರ ಓದ್ರೆ ಓಗ್ಲಿ, ಇವ್ರ ಕಿವಿಗೂ ರಜ ಸಿಕ್ತದೆ."

ಡಾಕ್ಟರು ನಕ್ಕರು. ನನ್ನಿಂದಾಗಲಿಲ್ಲ.

ತೆಗೆದ ಗಂಟಿನ ಬಯಾಪ್ಸಿ ರಿಪೋರ್ಟಿನಲ್ಲಿ 'ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನೆನ್ಸಿ' ಎಂದಿತ್ತು. ಡಾಕ್ಟರು ಕೈಕುಲುಕಿದರು. ವಾರ್ಡಿಗೆ ಓಡಿಬಂದು ಓದಿ ಹೇಳಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇಲ್ಲವೇ ಇಲ್ಲ ಎಂದು ಬರೆದಿಲ್ಲ, ಇದೆ ಎನ್ನಲು ಸಾಕ್ಷಿ ಸಿಕ್ಕಿಲ್ಲ ಎಂದು ಬರೆದಿದ್ದಾರೆ ಎಂಬ ವ್ಯತ್ಯಾಸವನ್ನೂ ವಿವರಿಸಲು ಹೊರಟೆ. ಜಯಮ್ಮನಿಗೆ ಆಗ ಪಿಸುಮಾತಷ್ಟೇ ಬರುತ್ತಿತ್ತು. ಸನ್ನೆ ಮಾಡಿ ಹತ್ತಿರ ಕರೆದು ಕಿವಿಯಲ್ಲಿ ಹೇಳಿದಳು.

"ಸಿಕ್ನಿಲ್ವಲ್ಲ. ನೀವು ಉಡುಕಕ್ಕೋಗ್ಬೇಡಿ."

ಚೆಕಪ್ಪುಗಳು ಇನ್ನೂ ಇವೆ. ಸ್ವರ ಒಡಕಲಾಗಿಯೇ ಇದೆ. ಪೂರ್ತಿ ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ, ನಾನೂ ಈಗ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ತಟ್ಟೆಯ ಮುಂದೆ ಕೂತು ಅವಳ ಕತ್ತನ್ನೇ ನೋಡುತ್ತಿದ್ದೆ. "ಮುದ್ದೆ ಆರೋಯ್ತದೆ, ಉಣ್ಣಿ ಅತ್ಲಾಗೆ!" ಎಂದು ಗದರಿದಳು. ಪಕ್ಕದ ಮನೆಗೆ ಕೇಳಿಸಿರಲಿಕ್ಕಿಲ್ಲ.

ನನಗೆ ಕೇಳಿಸಿತು.