ಕೆಂಪು ಕಾಗದದಡಿ ಬೆಳೆದ ಕಮರ

ನಮ್ಮಪ್ಪ ನನ್ನ ಹತ್ರ ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಒಂದೇ ಒಂದು. "ಆ ಮರಕ್ಕೆ ಒಂದು ಮರಿ ಮಾಡ್ಕೊಡವ್ವ."

ಆ ಮರ ಅಂದ್ರೆ ತಾಳ್ಯದ ಹತ್ತಿರ ನಮ್ಮ ಕುರಿರೊಪ್ಪದ ಪಕ್ಕ ನಿಂತಿದ್ದ ಕಮರ. ಅದರ ಸೊಪ್ಪು ತಿಂದೇ ನಮ್ಮ ಕುರಿ ಬೇಸಿಗೆ ದಾಟ್ತಿದ್ದವು. ನಮ್ಮವ್ವನ್ನ ಮಣ್ಣು ಮಾಡಿದ್ದೂ ಅದರ ಬುಡದಾಗೇ. ಕಾಂಡಕ್ಕೆ ಹುಳ ಬಿದ್ದು ತುದಿಯಿಂದ ಒಣಗ್ತಾ ಬಂದಿತ್ತು, ಹಸಿರು ಉಳಿದಿದ್ದು ಒಂದೇ ಕೊಂಬೆ. ನಾನು ಹಿರಿಯೂರಿನ ಸಣ್ಣ ಲ್ಯಾಬೊಂದರಲ್ಲಿ ಬಾಟಲಿಯೊಳಗೆ ಗಿಡ ಬೆಳೆಸೋ ಕೆಲಸದವಳು. ಆ ಕೊಂಬೆಯ ಚಿಗುರು ಕೊಯ್ದು, ತೊಳೆದು, ಬಾಟಲಿಗಿಟ್ಟೆ. ಸುಮಾರು ಬೂಸಲು ಹಿಡಿದು ಹೋದವು. ಬದುಕಿದ್ದು ಒಂಬತ್ತು. ಅಷ್ಟರಲ್ಲಿ ಊರಲ್ಲಿ ಆ ಕೊಂಬೆಯೂ ಒಣಗಿತು.

ಆಯುಧಪೂಜೆ ಬಂತು. ಊರೆಲ್ಲ ಟ್ರ್ಯಾಕ್ಟರಿಗೆ, ಲಾರಿಗೆ ಪೂಜೆ ಮಾಡೋವಾಗ ಲ್ಯಾಬಿನೋರು ನಾವು ಬಿಡ್ತೀವಾ? ಹೊರಗಿನ ಮಿಷಿನ್ನಿಗೆಲ್ಲ ಚೆಂಡುಹೂ ಏರಿಸಿದೆವು. ಗಿಡದ ಕೋಣೆಯೊಳಗೆ ಹೂ ತಂದ್ರೆ ಬೂಸಲು ಬರುತ್ತೆ. ಅದಕ್ಕೇ ನನ್ನ ಕಮರದ ಮೇಲಿನ ಟ್ಯೂಬ್‌ಲೈಟಿಗೆ ತೆಳು ಕೆಂಪು ಬಣ್ಣದ ಕಾಗದ ಸುತ್ತಿದೆ. ಲ್ಯಾಬು ನೋಡ್ಕೊಳ್ಳೋ ಮೇಡಂ ಕಂಡು, "ನಾಳೆನೇ ಬಿಚ್ಚಮ್ಮ" ಅಂದ್ರು. ಹೂಂ ಅಂದೆ. ಬಿಚ್ಚಲಿಲ್ಲ. ಪೂಜೆಗೆ ಕಟ್ಟಿದ್ದನ್ನ ದೀಪಾವಳಿ ತನಕ ಮುಟ್ಟಬಾರದು ಅನ್ನೋದು ನಮ್ಮನೆ ಪದ್ಧತಿ. ಮೇಡಂ ಮರುದಿನ ಒಂದು ತಿಂಗಳ ರಜೆ ಮೇಲೆ ಹೋದ್ರು.

ವಾರ ಕಳೆಯೋದರೊಳಗೆ ಚಿಗುರು ಸರಸರ ಏಳತೊಡಗಿದವು. ತಿಂಗಳುಗಟ್ಟಲೆ ಬೆರಳುದ್ದ ಆಗದವು ಬಾಟಲಿ ಮುಚ್ಚಳ ಮುಟ್ಟಿ ಬಗ್ಗಿದವು. ಬಾಗಿಲು ತೆಗೆದ್ರೆ ನನ್ನ ಕೈಗೂ ಕೆಂಪು, ಬಿಳಿ ಕೋಟಿಗೂ ಕೆಂಪು. ಖುಷಿಯೋ ಖುಷಿ! ಅಪ್ಪನಿಗೆ ಫೋನ್ ಮಾಡಿ ಕರೆಸಿಯೇಬಿಟ್ಟೆ.

ಅಪ್ಪ ಕಂಬಳಿ ಬಾಗಿಲಲ್ಲಿಟ್ಟು ಒಳಗೆ ಬಂದ. ಬಹಳ ಹೊತ್ತು ಬಾಟಲಿ ನೋಡಿದ.

"ಕಮರ ಇಷ್ಟು ಬೇಗ ಬೆಳೆಯಲ್ಲ ಕಣವ್ವ. ಕತ್ಲೆ ಮೂಲೇಲಿ ಕಾಳು ಮೊಳೆತಂಗೈತೆ. ನನಗ್ಯಾಕೋ ಸರಿ ಕಾಣ್ತಿಲ್ಲ."

"ಸುಮ್ನಿರಪ್ಪ! ಕುರಿ ಕಾಯೋನಿಗೆ ಲ್ಯಾಬು ಏನ್ ಗೊತ್ತಾಗುತ್ತೆ?" ಅಂದೆ. ನನ್ನ ನಾಲಿಗೆಗೆ ಬರೆ ಎಳೀಬೇಕಿತ್ತು. ಅಪ್ಪ ಕಂಬಳಿ ಹೆಗಲಿಗೆ ಹಾಕ್ಕೊಂಡು, "ಹಂಗಾರೆ ಗುಂಡಿ ತೋಡಿಡ್ತೀನಿ" ಅಂತ ಹೊರಟ.

ದೀಪಾವಳಿ ಕಳೆದ ಮೇಲೆ ಕಾಗದ ಬಿಚ್ಚಿದೆ. ಬಿಳಿ ಬೆಳಕಿಗೆ ಕಂಡವು: ಎಲೆ ಬಿಳಿಚಿ, ಕಾಂಡ ದಾರದಷ್ಟು. ಮಣ್ಣಿಗಿಟ್ಟ ಮೂರನೇ ದಿನಕ್ಕೆ ಒಂಬತ್ತೂ ಮಲಗಿದವು. ರಜೆಯಿಂದ ಬಂದ ಮೇಡಂ ಬೈಯಲಿಲ್ಲ. "ಬರೀ ಕೆಂಪು ಬೆಳಕು ಗಿಡಾನ ಎಳೆಯುತ್ತೆ, ನೀಲಿ ಸೇರಿದ್ರೇನೆ ಕಾಂಡ ಗಟ್ಟಿ ಆಗೋದು. ನಿನಗೆ ಗೊತ್ತಿತ್ತಲ್ಲಮ್ಮ?" ಅಂದ್ರು. ಗೊತ್ತಿತ್ತು. ಬೇರೆ ಗಿಡ ಆಗಿದ್ರೆ ಅವತ್ತೇ ಬಿಚ್ಚಿರ್ತಿದ್ದೆ. ಇವು ಬೆಳೆಯೋದನ್ನ ನೋಡೋ ಆಸೆ ನನ್ನ ಕಣ್ಣಿಗೆ ಮಣ್ಣೆರಚಿತ್ತು.

ಅವತ್ತೇ ಅಪ್ಪನ ಫೋನ್ ಬಂತು. "ಗಾಳಿಗೆ ಮರ ಬಿತ್ತವ್ವ. ಗುಂಡಿಗೆ ನೀರು ಬಿಟ್ಟೀನಿ, ಮುಳ್ಳುಬೇಲಿನೂ ಹಾಕೀನಿ. ನಮ್ಮ ಮರಿ ಯಾವಾಗ ತರ್ತೀಯ?"

"ಭಾನುವಾರ" ಅಂದೆ.

ಶನಿವಾರ ಹೊಸದುರ್ಗದ ರಸ್ತೇಲಿ ಒಂದು ನರ್ಸರಿಗೆ ಹೋಗಿ, ಯಾವುದೋ ಬೀಜದಿಂದ ಹುಟ್ಟಿದ ಕಮರದ ಸಸಿ ತಂದೆ. ಅಪ್ಪ ಅದನ್ನ ಅವ್ವನ ಪಕ್ಕ ನೆಟ್ಟ. ಜೋಡಿ ಎಲೆ ಬಿಡಿಸಿ ನೋಡಿ, "ಥೇಟ್ ತಾಯಿ ಎಲೆನೇ" ಅಂದ. ಕಮರದ ಎಲೆ ಎಲ್ಲಾ ಕಡೆ ಹಂಗೇ ಇರ್ತಾವೆ.

"ಅವತ್ತು ನಿನ್ನ ಕೆಲಸದ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತವ್ವ" ಅಂತ ಅಪ್ಪ ನನ್ನ ಎರಡೂ ಕೈ ಹಿಡ್ಕೊಂಡ. ನಾನು ಬಿಡಿಸ್ಕೊಳ್ಳಲಿಲ್ಲ.